ಗ್ರಾಫಿಕ್ಸ್ ಕಾರ್ಡಿನ ನಾಮಮಹಿಮೆ

ಪದವಿಪೂರ್ವ ಪರೀಕ್ಷೆಯ ಫಲಿತಾಂಶ ಹೊರಬಿದ್ದು, ಸಿಇಟಿಯ ಸೀಟು ಹಂಚಿಕೆಯೂ ಮುಗಿದು, ಮಗನಿಗೋ ಮಗಳಿಗೋ ಹಳಿಯಾಳದ ಇಂಜಿನಿಯರಿಂಗ್ ಕಾಲೇಜಿನಲ್ಲಿಯೋ ಹುಬ್ಬಳ್ಳಿ ಬೆಳಗಾವಿಗಳ ಕಡೆಯಲ್ಲಿಯೋ ಒಂದು ಸ್ಥಾನ ನಿಶ್ಚಯವಾಯಿತೆಂದರೆ, ದಾಂಡೇಲಿಯ ಗೃಹಸ್ಥನಿಗೆ ಬಂದೊದಗುವ ವೆಚ್ಚಗಳ ಸಾಲಿನಲ್ಲಿ ಕಂಪ್ಯೂಟರು ತಪ್ಪದೆ ನಿಲ್ಲುತ್ತದೆ. ಆ ಕಂಪ್ಯೂಟರಿನ ಬಿಡಿಭಾಗಗಳಲ್ಲಿ ಅವನ ತಿಳಿವಳಿಕೆಗೆ ಲೇಶವೂ ನಿಲುಕದೆ, ಆದರೂ ಒಟ್ಟು ಹಣದ ಮೂರರಲ್ಲೊಂದು ಪಾಲನ್ನೋ ಅರ್ಧವನ್ನೋ ತಾನೊಂದೇ ಬೇಡುವಂಥದು ಗ್ರಾಫಿಕ್ಸ್ ಕಾರ್ಡು. ನಮ್ಮ ಊರಿನಲ್ಲಿ ರಿಪೇರಿಯ ಅಂಗಡಿಗಳುಂಟು; ಆದರೆ ಹತ್ತು ಬಗೆಯ ಕಾರ್ಡುಗಳನ್ನು ಮುಂದಿಟ್ಟುಕೊಂಡು ಹೋಲಿಸಿ ನೋಡಬೇಕಾದರೆ ಹುಬ್ಬಳ್ಳಿಯ ಬಸ್ಸು ಹತ್ತಬೇಕು. ಅಲ್ಲಿ ಗಲ್ಲೆಯ ಹಿಂದೆ ನಿಂತ ತರುಣನು, ಪೆಟ್ಟಿಗೆಯ ಮೇಲಿನ ಬೆಂಕಿಯುಗುಳುವ ಚಿತ್ರವನ್ನು ಗಿರಾಕಿಯ ಕಡೆಗೆ ತಿರುಗಿಸಿ, “ಇದು ನಾಲ್ಕ್ ಜಿಬಿದ್ ಅದ ಸರ, ಎಲ್ಲಾ ಗೇಮೂ ನಡೀತಾವ” ಎಂದು ಹೇಳುವ ಒಂದು ವಾಕ್ಯದ ಬಲದ ಮೇಲೆ ಸಾವಿರಾರು ರೂಪಾಯಿ ಕೈಬದಲಾಗುವುದು ನಿತ್ಯದ ವ್ಯವಹಾರ. ಆ ತರುಣನು ಸುಳ್ಳುಗಾರನೆಂದು ನಾನು ಹೇಳಲಾರೆ. ಪೆಟ್ಟಿಗೆಯೇ ಪೂರ್ತಿ ಸತ್ಯವನ್ನು ಹೇಳದಿರುವಾಗ ಅವನೊಬ್ಬನನ್ನು ದೂರುವುದು ನ್ಯಾಯವಲ್ಲ. ನನ್ನ ಆಕ್ಷೇಪವಿರುವುದು ಪೆಟ್ಟಿಗೆಯ ಮೇಲೆ, ಮತ್ತು ಅದರ ಮೇಲೆ ಅಚ್ಚಾಗುವ ಹೆಸರಿನ ಮೇಲೆ.

ಈ ವಸ್ತು ಮಾಡುವ ಕಾರ್ಯವೇನೆಂಬುದನ್ನು ಮೊದಲು ಹೇಳಬೇಕು. ಸಾಮಾನ್ಯ ಮಾನಿಟರಿನ ಪರದೆಯಲ್ಲಿ ಅಡ್ಡಲಾಗಿ 1920, ಮೇಲಿನಿಂದ ಕೆಳಕ್ಕೆ 1080, ಒಟ್ಟು 20,73,600 ಬಣ್ಣದ ಚುಕ್ಕೆಗಳಿರುತ್ತವೆ. ಚಿತ್ರವು ಸೆಕೆಂಡಿಗೆ 60 ಸಲ ಹೊಸದಾಗಬೇಕೆಂದರೆ 12 ಕೋಟಿಗೂ ಮಿಕ್ಕ ಚುಕ್ಕೆಗಳ ವರ್ಣವನ್ನು ಪ್ರತಿಯೊಂದು ಸೆಕೆಂಡಿನಲ್ಲಿಯೂ ನಿರ್ಣಯಿಸಬೇಕಾಗುತ್ತದೆ. ಒಂದೊಂದು ಚುಕ್ಕೆಯ ಗಣಿತ ಅಷ್ಟೇನೂ ಕಠಿನವಲ್ಲ, ಸಂಖ್ಯೆ ಮಾತ್ರ ಅಪಾರ. ಮುಖ್ಯ ಪ್ರೊಸೆಸರಿನಲ್ಲಿರುವ ಆರೆಂಟು ಸಮರ್ಥ ಕೋರ್‌ಗಳಿಗೆ ಇಂಥ ಸಣ್ಣ ಲೆಕ್ಕಗಳ ಮಹಾಪೂರವನ್ನು ಏಕಕಾಲದಲ್ಲಿ ನಿಭಾಯಿಸುವುದು ಸಾಧ್ಯವಾಗದು. ಆದುದರಿಂದಲೇ ಸಾವಿರಾರು ಕಿರುಕೋರ್‌ಗಳನ್ನು ಒಂದೇ ಚಿಪ್ಪಿನಲ್ಲಿ ನೆರೆಯಿಸಿ, ಪಕ್ಕದಲ್ಲಿಯೇ ಅವುಗಳಿಗೆಂದು ಪ್ರತ್ಯೇಕ ಮೆಮೊರಿಯನ್ನಿಟ್ಟು, ಚಿತ್ರದ ಕೆಲಸವನ್ನೆಲ್ಲ ಅವಕ್ಕೆ ವಹಿಸಿಕೊಡುವ ಪದ್ಧತಿ ಬಂದಿತು. 1993ರಲ್ಲಿ ಸ್ಥಾಪಿತವಾದ ಎನ್‌ವಿಡಿಯಾ ಕಂಪನಿಯು 1999ರಲ್ಲಿ ಜಿಫೋರ್ಸ್ 256 ಎಂಬ ಕಾರ್ಡನ್ನು ಹೊರತಂದು, ಜಗತ್ತಿನ ಪ್ರಥಮ ಜಿಪಿಯು, ಎಂದರೆ ಚಿತ್ರದ ಕೆಲಸಕ್ಕೆಂದೇ ಇರುವ ಚಿಪ್ಪು, ಇದೇ ಎಂದು ಸಾರಿಕೊಂಡಿತು. 2023ರಲ್ಲಿ ಬಂದ ಅದರ ಆರ್‌ಟಿಎಕ್ಸ್ 4060 ಎಂಬ ಮಧ್ಯಮವರ್ಗದ ಕಾರ್ಡಿನಲ್ಲಿ 3072 ಕಿರುಕೋರ್‌ಗಳಿವೆ. ಎನ್‌ವಿಡಿಯಾದ ಪ್ರತಿಸ್ಪರ್ಧಿ ಎಎಂಡಿ; ಅದು 2006ರಲ್ಲಿ ಎಟಿಐ ಕಂಪನಿಯನ್ನು ಕೊಂಡು ಈ ಕ್ಷೇತ್ರಕ್ಕಿಳಿದದ್ದು. ಇಂಟೆಲ್ ಕಂಪನಿಯ ಆರ್ಕ್ ಕಾರ್ಡುಗಳು 2022ರಿಂದ ಈಚೆಗೆ ಬಂದಿವೆ.

ಆದರೆ ಪ್ರತ್ಯೇಕ ಕಾರ್ಡಿಲ್ಲದೆ ಪರದೆಯೇ ಬೆಳಗದೆಂಬ ಭ್ರಾಂತಿ ಬೇಡ. ಇಂಟೆಲ್ಲಿನ ಬಹುತೇಕ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿಯೂ, ಎಎಂಡಿಯ 5600ಜಿ, 8600ಜಿ ಮುಂತಾದ ‘ಜಿ’ ಅಕ್ಷರಾಂತ್ಯವುಳ್ಳವುಗಳಲ್ಲಿಯೂ, ಗೃಹಕೃತ್ಯಕ್ಕೆ ಧಾರಾಳವಾಗಿ ಸಾಕಾಗುವ ಗ್ರಾಫಿಕ್ಸ್ ಒಳಗೇ ಅಡಕವಾಗಿರುತ್ತದೆ. ಕನ್ನಡದಲ್ಲಿ ಟೈಪು ಮಾಡುವವರಿಗೆ, ಅಂಗಡಿಯ ಲೆಕ್ಕ ಬರೆಯುವವರಿಗೆ, ವಿಡಿಯೊ ಪಾಠ ಕೇಳುವವರಿಗೆ, ಪ್ರೋಗ್ರಾಮಿಂಗ್ ಕಲಿಯುವ ಮೊದಲೆರಡು ವರ್ಷದ ವಿದ್ಯಾರ್ಥಿಗಳಿಗೆ ಅದಕ್ಕಿಂತ ಮಿಗಿಲಾದುದು ಏನೂ ಬೇಕಾಗದು. ಇಂಟೆಲ್ಲಿನಲ್ಲಿ ‘ಎಫ್’ ಅಕ್ಷರಾಂತ್ಯದ ಪ್ರೊಸೆಸರುಗಳೂ ಉಂಟು. ಅವುಗಳಲ್ಲಿ ಒಳಗಿನ ಗ್ರಾಫಿಕ್ಸ್ ಬಳಕೆಗಿಲ್ಲ, ಆದುದರಿಂದ ಬೆಲೆ ತುಸು ಕಡಿಮೆ. ಈ ಸೂಕ್ಷ್ಮವನ್ನರಿಯದೆ ಅಗ್ಗವೆಂದು ಅಂಥದನ್ನು ಕೊಂಡುತಂದವನು, ಮನೆಯಲ್ಲಿ ಎಲ್ಲ ತಂತಿಗಳನ್ನು ಜೋಡಿಸಿ ಗುಂಡಿಯೊತ್ತಿದಾಗ ಫ್ಯಾನು ತಿರುಗುತ್ತದೆ, ದೀಪ ಉರಿಯುತ್ತದೆ, ಪರದೆ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ. ಕೊನೆಗೆ ಬೇಡವೆಂದಿದ್ದ ಕಾರ್ಡಿಗಾಗಿಯೇ ಮತ್ತೆ ಹುಬ್ಬಳ್ಳಿಯ ದಾರಿ ಹಿಡಿಯಬೇಕಾಗುತ್ತದೆ.

ಹಾಗಾದರೆ ಯಾರಿಗೆ ಬೇಕು? ಆಟವಾಡುವವರಿಗೆ ನಿಸ್ಸಂದೇಹವಾಗಿ ಬೇಕು, ಮತ್ತು ಆಟವಾಡುವುದನ್ನು ಅಪರಾಧವೆಂದು ಎಣಿಸುವ ಹಿರಿಯರ ಪಂಗಡಕ್ಕೆ ನಾನು ಸೇರಿದವನಲ್ಲ. ಮಂಗಟ್ಟೆ ಹಕ್ಕಿಗಳನ್ನು ಅರಸಿಕೊಂಡು ನಸುಬೆಳಕಿನ ಕಾಡಿನಲ್ಲಿ ಸುತ್ತುವ ನಮ್ಮ ಛಾಯಾಗ್ರಾಹಕರಿಗೆ, ಆ ಮಂದ ಬೆಳಕಿನ ಚಿತ್ರಗಳ ಮರಳುಮರಳಾದ ಕಲೆಯನ್ನು ತೊಡೆಯುವ ಹೊಸ ತಂತ್ರಾಂಶಗಳು ಕಾರ್ಡಿದ್ದರೆ ನಿಮಿಷಗಳ ಕೆಲಸವನ್ನು ಸೆಕೆಂಡುಗಳಲ್ಲಿ ಮುಗಿಸಿಕೊಡುತ್ತವೆ. ಮದುವೆಯ ವಿಡಿಯೊ, ಗಣೇಶಗುಡಿಯ ರಾಫ್ಟಿಂಗಿನ ವಿಡಿಯೊಗಳನ್ನು ಸಂಕಲಿಸುವವರ ಸಂಗತಿ ಬೇರೆ: ಇಂಟೆಲ್ ಪ್ರೊಸೆಸರಿನೊಳಗೇ ಇರುವ ವಿಡಿಯೊ ಮಂಡಲವು ಈ ಕೆಲಸದಲ್ಲಿ ಅಗ್ಗದ ಕಾರ್ಡುಗಳಿಗೆ ಸರಿಗಟ್ಟುವುದುಂಟು. 2022ರ ಜನವರಿಯಲ್ಲಿ ಬಂದ ಎಎಂಡಿಯ ಆರ್‌ಎಕ್ಸ್ 6500 ಎಕ್ಸ್‌ಟಿ ಎಂಬ ಕಾರ್ಡಿನಲ್ಲಂತೂ ವಿಡಿಯೊವನ್ನು ಎನ್‌ಕೋಡ್ ಮಾಡುವ ಅಂಗವನ್ನೇ ಕೈಬಿಡಲಾಗಿದ್ದಿತು. ಹೊಸದೆಂಬ ಒಂದೇ ಕಾರಣಕ್ಕೆ ಅದನ್ನು ಕೊಂಡ ಸ್ಟುಡಿಯೊದವನಿಗೆ ತನ್ನ ಹಳೆಯ ಕಾರ್ಡೇ ಲೇಸೆನಿಸಿದ್ದರೆ ಆಶ್ಚರ್ಯವಿಲ್ಲ. ಇನ್ನು ಕೃತಕ ಬುದ್ಧಿಮತ್ತೆಯನ್ನು ವ್ಯಾಸಂಗ ಮಾಡುವ ವಿದ್ಯಾರ್ಥಿಗಳು. ಚಿತ್ರೇತರ ಗಣಿತಕ್ಕೂ ಕಿರುಕೋರ್‌ಗಳನ್ನು ದುಡಿಸಿಕೊಳ್ಳುವ ‘ಕುಡಾ’ ಎಂಬ ವ್ಯವಸ್ಥೆಯನ್ನು ಎನ್‌ವಿಡಿಯಾ 2007ರಲ್ಲಿ ಬಿಡುಗಡೆ ಮಾಡಿದಂದಿನಿಂದ ಆ ಶಾಸ್ತ್ರದ ಬಹುಪಾಲು ತಂತ್ರಾಂಶ ಅದನ್ನೇ ಆಶ್ರಯಿಸಿ ಬೆಳೆದಿರುವುದರಿಂದ, ಅವರಿಗೆ ಎನ್‌ವಿಡಿಯಾ ಕಾರ್ಡೇ ಅನುಕೂಲ. ಆದರೆ ಕಲಿಕೆಯ ಹಂತದಲ್ಲಿ ಗೂಗಲ್ಲಿನ ಕೊಲ್ಯಾಬ್ 16 ಜಿಬಿ ಮೆಮೊರಿಯ ಟಿ4 ಕಾರ್ಡನ್ನು, ಮಿತವಾದ ಹೊತ್ತಿಗಾದರೂ, ಉಚಿತವಾಗಿ ಬಳಸಗೊಡುತ್ತದೆ. ಇಂಟರ್ನೆಟ್ಟು ಸರಿಯಾಗಿರಬೇಕು, ಅಷ್ಟೆ. ಜೋಯಿಡಾದ ಒಳಹಳ್ಳಿಗಳಲ್ಲಿ ಆ ‘ಅಷ್ಟೆ’ಯೇ ದೊಡ್ಡದು.

ಕಾರ್ಡು ಬೇಕೇ ಬೇಕೆಂದು ನಿಶ್ಚಯಿಸಿ ಅಂಗಡಿಯ ಮೆಟ್ಟಿಲು ಹತ್ತಿದವನಿಗೆ ಎದುರಾಗುವ ನಾಮಾವಳಿಯ ವಿಚಿತ್ರವನ್ನು ಇನ್ನು ನೋಡಬಹುದು. 2017ರ ಮೇ ತಿಂಗಳಿನಲ್ಲಿ ಎನ್‌ವಿಡಿಯಾ ಜಿಟಿ 1030 ಎಂಬ ಅಗ್ಗದ ಕಾರ್ಡನ್ನು ಬಿಡುಗಡೆ ಮಾಡಿತು. ಅದರಲ್ಲಿದ್ದದ್ದು ಜಿಡಿಡಿಆರ್5 ಜಾತಿಯ 2 ಜಿಬಿ ಮೆಮೊರಿ, ಅದರ ವೇಗ ಸೆಕೆಂಡಿಗೆ 48 ಗಿಗಾಬೈಟ್. ಮರುವರ್ಷ ಅದೇ ಹೆಸರಿನಲ್ಲಿ, ಅದೇ 2 ಜಿಬಿಯೆಂಬ ಹೆಗ್ಗಳಿಕೆಯೊಡನೆ, ಡಿಡಿಆರ್4 ಮೆಮೊರಿಯ ಇನ್ನೊಂದು ಕಾರ್ಡು ಮಾರಾಟಕ್ಕೆ ಬಂದಿತು. ಇದರ ವೇಗ 16.8 ಗಿಗಾಬೈಟ್, ಎಂದರೆ ಮೊದಲಿನದರ ಮೂರನೆಯ ಒಂದು ಪಾಲಿನಷ್ಟು. ಇದಕ್ಕೂ ಹಿಂದಿನ ಜಿಟಿ 730ರ ಕಥೆ ಇನ್ನೂ ಸ್ವಾರಸ್ಯವಾದದ್ದು: 2014ರಲ್ಲಿ ಹೊರಟ ಆ ಒಂದು ಹೆಸರಿನಡಿಯಲ್ಲಿ ಎರಡು ಬೇರೆ ಬೇರೆ ಪೀಳಿಗೆಯ ಚಿಪ್ಪುಗಳೂ ಎರಡು ಜಾತಿಯ ಮೆಮೊರಿಗಳೂ ಸೇರಿಕೊಂಡಿದ್ದವು, ಮತ್ತು ಅವುಗಳ ಪೈಕಿ ‘4 ಜಿಬಿ’ ಎಂದು ಢಾಳಾಗಿ ಬರೆದುಕೊಂಡವುಗಳಲ್ಲಿ ಎಷ್ಟೋ ಕಾರ್ಡುಗಳದು ಸೆಕೆಂಡಿಗೆ 14.4 ಗಿಗಾಬೈಟಿನ ಮಂದಗತಿ. ಆ ಚಿಪ್ಪಿಗೆ ಆಟಗಳ ಹೊಸ ಡ್ರೈವರುಗಳು ಬರುವುದು ನಿಂತು ವರ್ಷಗಳಾದರೂ ಕಾರ್ಡು ಇಂದಿಗೂ ಹೊಸ ಪೆಟ್ಟಿಗೆಯಲ್ಲಿ ದೊರೆಯುತ್ತದೆ. ನಾಲ್ಕು ಜಿಬಿಯ ಮಾತಿಗೆ ತಲೆದೂಗಿ ಬರುವವರ ಕೈಯಲ್ಲಿ ಇರುವುದು ಅನೇಕ ವೇಳೆ ಇದೇ.

ಇದು ಅಗ್ಗದ ಸರಕಿಗೆ ಮಾತ್ರ ಅಂಟಿದ ದೋಷವೆಂದುಕೊಳ್ಳುವ ಹಾಗಿಲ್ಲ. 2021ರ ಫೆಬ್ರುವರಿಯಲ್ಲಿ ಬಂದ ಆರ್‌ಟಿಎಕ್ಸ್ 3060ರಲ್ಲಿ 12 ಜಿಬಿ ಮೆಮೊರಿ, ಸೆಕೆಂಡಿಗೆ 360 ಗಿಗಾಬೈಟ್ ವೇಗ. 2022ರ ಕೊನೆಯಲ್ಲಿ ಅದೇ ಹೆಸರಿನ 8 ಜಿಬಿಯ ರೂಪ ಬಂದಾಗ ವೇಗವೂ 240ಕ್ಕೆ ಇಳಿದಿದ್ದಿತು, ಆದರೆ ಹೆಸರಿನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಆರ್‌ಟಿಎಕ್ಸ್ 3050 ಎಂಬುದರ 8 ಜಿಬಿಯ ಕಾರ್ಡಿನಲ್ಲಿ 2560 ಕಿರುಕೋರ್‌ಗಳಿದ್ದರೆ, 2024ರಲ್ಲಿ ಬಂದ 6 ಜಿಬಿಯದರಲ್ಲಿ 2304. ಗಿರಾಕಿಯು ಮೆಮೊರಿಯಲ್ಲಿ ಮಾತ್ರ ವ್ಯತ್ಯಾಸವಿದೆಯೆಂದು ಭಾವಿಸಿ ಹಣ ಉಳಿಸಿದೆನೆಂದು ಹಿಗ್ಗುತ್ತಾನೆ. ಎಎಂಡಿಯವರೂ ಈ ವಿದ್ಯೆಯನ್ನು ಅರಿಯದವರಲ್ಲ: 2025ರ ಜೂನ್ ತಿಂಗಳಿನಲ್ಲಿ ಬಂದ ಆರ್‌ಎಕ್ಸ್ 9060 ಎಕ್ಸ್‌ಟಿ ಎಂಬ ಒಂದೇ ಹೆಸರಿನಲ್ಲಿ 8 ಜಿಬಿಯದೂ 16 ಜಿಬಿಯದೂ ಇವೆ, ಇಂದಿನ ಭಾರವಾದ ಆಟಗಳಲ್ಲಿ 8 ಜಿಬಿ ತುಂಬಿ ಚೆಲ್ಲುವುದರಿಂದ ಇವೆರಡರ ಅನುಭವ ಒಂದೇ ಆಗಿರದು. ಲ್ಯಾಪ್‌ಟಾಪುಗಳ ವಿಷಯ ತೆಗೆದರೆ ಲೇಖನ ಮುಗಿಯದು. ಅಲ್ಲಿ ಒಂದೇ ಹೆಸರಿನ ಚಿಪ್ಪು ಒಂದು ಯಂತ್ರದಲ್ಲಿ 115 ವ್ಯಾಟ್ ಉಂಡು ಓಡುತ್ತದೆ, ಇನ್ನೊಂದರಲ್ಲಿ ಅದರ ಅರ್ಧವನ್ನೂ ಕಾಣದೆ ತೆವಳುತ್ತದೆ.

ವ್ಯಾಟಿನ ಮಾತು ಬಂದುದರಿಂದ ನಮ್ಮ ಸೀಮೆಯ ವಿಲಕ್ಷಣ ಪರಿಸ್ಥಿತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು, ಅದರ ಕೆಳಗೆ ಕಾಳಿ ನದಿಯುದ್ದಕ್ಕೂ ನಾಗಝರಿ, ಕೊಡಸಳ್ಳಿ, ಕದ್ರಾಗಳ ವಿದ್ಯುದಾಗಾರಗಳು, ಕೈಗಾದಲ್ಲಿ ತಲಾ 220 ಮೆಗಾವ್ಯಾಟಿನ 4 ಅಣುಘಟಕಗಳು. ಈ ವಿದ್ಯುತ್ತಿಗಾಗಿ ಹಳೆಯ ಸೂಪಾ ಊರೇ ನೀರಿನಡಿಯಾಗಿ ತಾಲೂಕಿನ ಕಚೇರಿ ಜೋಯಿಡಾಕ್ಕೆ ಬಂದಿತು. ಇಷ್ಟಾದರೂ ಆಷಾಢದ ಗಾಳಿಗೆ ಮರವೊಂದು ತಂತಿಯ ಮೇಲೆ ಒರಗಿತೆಂದರೆ ಕಾಡೊಳಗಿನ ಹಳ್ಳಿಗಳಲ್ಲಿ ದೀಪ ಯಾವಾಗ ಬಂದೀತೆಂದು ಹೇಳಬಲ್ಲವರಿಲ್ಲ. ಪೇಟೆಯಲ್ಲಿಯೂ ಮಳೆಗಾಲದ ವಿದ್ಯುತ್ತು ಹೋಗಿ ಬರುವುದನ್ನು ಆಟವಾಗಿಯೇ ಮಾಡಿಕೊಂಡಿರುತ್ತದೆ. ಆದುದರಿಂದ ಇಲ್ಲಿಯ ಗಿರಾಕಿಯು ಕಾರ್ಡಿನ ಹಣವನ್ನು ಎಣಿಸುವ ಮೊದಲು ಯುಪಿಎಸ್ಸಿನ ಹಣವನ್ನು ತೆಗೆದಿಡಬೇಕು. ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ 600 ವಿಎ ಯುಪಿಎಸ್ಸು ನಿಜವಾಗಿ ಹೊರಬಲ್ಲದ್ದು ಸುಮಾರು 360 ವ್ಯಾಟ್. 115 ವ್ಯಾಟಿನ 4060 ಅದರೊಳಗೆ ಸಲೀಸಾಗಿ ಅಡಗುತ್ತದೆ. 2025ರ ಆರ್‌ಟಿಎಕ್ಸ್ 5090 ಎಂಬ ಮಹಾಕಾಯನು ತಾನೊಬ್ಬನೇ 575 ವ್ಯಾಟ್ ಬೇಡುವವನು.

ಯುಪಿಎಸ್ಸಿಗಿಂತಲೂ ಉಪೇಕ್ಷೆಗೆ ಗುರಿಯಾಗಿರುವುದು ಕಂಪ್ಯೂಟರಿನ ಭಾಗಗಳಿಗೆ ವಿದ್ಯುತ್ತು ಹಂಚುವ ಎಸ್‌ಎಂಪಿಎಸ್ಸು. ಕ್ಯಾಬಿನೆಟ್ಟಿನ ಜೊತೆಗೆ ಪುಕ್ಕಟೆಯೆಂಬಂತೆ ಬರುವ ಆ ತಗಡಿನ ಡಬ್ಬಿಯ ಮೇಲೆ ‘450’ ಎಂಬ ಅಂಕಿ ದಪ್ಪಗೆ ಇರುತ್ತದೆ, ಮತ್ತು ನೋಡುವವರು ನೋಡುವುದು ಅದನ್ನೇ. ಕ್ಯಾಬಿನೆಟ್ಟಿನ ಪಕ್ಕದ ತಗಡನ್ನು ಬಿಚ್ಚಿ, ಟಾರ್ಚು ಹಿಡಿದು, ಡಬ್ಬಿಯ ಮಗ್ಗುಲಿಗೆ ಅಂಟಿಸಿದ ಚೀಟಿಯ ಸಣ್ಣಕ್ಷರಗಳ ಕೋಷ್ಟಕವನ್ನು ಓದಬೇಕು. ಅಲ್ಲಿ ‘+12ವಿ’ ಎಂಬ ಅಂಕಣದ ಕೆಳಗೆ 16 ಆಂಪಿಯರ್ ಎಂದಿದ್ದರೆ, ಹನ್ನೆರಡನ್ನು ಹದಿನಾರರಿಂದ ಗುಣಿಸಿದಾಗ ಬರುವುದು 192 ವ್ಯಾಟ್. ಪ್ರೊಸೆಸರೂ ಕಾರ್ಡೂ ಉಣ್ಣುವುದು ಆ ಸಾಲಿನಿಂದಲೇ. ಇಂಥ ಡಬ್ಬಿಗೆ ದೊಡ್ಡ ಕಾರ್ಡನ್ನು ಕಟ್ಟಿದರೆ ಆಟದ ನಡುವೆ ಯಂತ್ರ ತಾನಾಗಿ ಆರುತ್ತದೆ. ದುರದೃಷ್ಟವಿದ್ದರೆ ಹೊಗೆಯೂ ಬರುತ್ತದೆ. ಮದರ್‌ಬೋರ್ಡಿನ ಸ್ಲಾಟು ತಾನೇ 75 ವ್ಯಾಟ್ ಒದಗಿಸಬಲ್ಲದಾದ್ದರಿಂದ, ಬೇರೆ ತಂತಿಯನ್ನೇ ಬೇಡದ 70 ವ್ಯಾಟಿನ ಕಾರ್ಡು ನಮ್ಮ ಕಡೆಯ ಹಳೆಯ ಆಫೀಸು ಕಂಪ್ಯೂಟರುಗಳಿಗೆ ಅತ್ಯಂತ ಯೋಗ್ಯವೆಂಬುದು ನನ್ನ ಅಭಿಪ್ರಾಯ. ಮೇಲೆ ನಾನು ದೂಷಿಸಿದ 6 ಜಿಬಿಯ 3050 ಅಂಥದೇ ಒಂದು. ಕಾರ್ಡು ಸಾಧು, ಹೆಸರು ಮಾತ್ರ ಎರವಲಿನದು.

ತಿಂಗಳ ಬಿಲ್ಲಿನ ಲೆಕ್ಕವನ್ನೂ ಮರೆಯಬಾರದು. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ಟಿನವರೆಗೆ ಎಲ್ಲರಿಗೂ ಉಚಿತವೆಂಬ ತಿಳಿವಳಿಕೆ ಸರಿಯಲ್ಲ. 2022-23ರ ತಿಂಗಳ ಸರಾಸರಿ ಬಳಕೆಗೆ ನೂರಕ್ಕೆ ಹತ್ತನ್ನು ಕೂಡಿಸಿ ಪ್ರತಿ ಮನೆಯ ಪಾಲನ್ನು ಗೊತ್ತುಮಾಡಲಾಗಿದ್ದಿತು. 60 ಯೂನಿಟ್ಟಿನ ಸರಾಸರಿಯಿದ್ದ ಮನೆಗೆ 66ರ ಹಕ್ಕು. ಕಾರ್ಡುಸಹಿತವಾಗಿ 250 ವ್ಯಾಟ್ ಎಳೆಯುವ ಕಂಪ್ಯೂಟರು ದಿನಕ್ಕೆ 4 ಗಂಟೆಯಂತೆ ತಿಂಗಳು ನಡೆದರೆ 30 ಯೂನಿಟ್ಟಾಗುತ್ತದೆ; 66ರ ಗೆರೆಯನ್ನು ದಾಟಿದ ಯೂನಿಟ್ಟುಗಳಿಗೆಲ್ಲ ಹಣ ತೆರಬೇಕು. ಇದೇನೂ ಮನೆ ಮುರಿಯುವ ಮೊತ್ತವಲ್ಲ. ಆದರೆ ಕೊಳ್ಳುವವನಿಗೆ ಮೊದಲೇ ತಿಳಿದಿರಬೇಕಾದ ಮೊತ್ತ.

ಸೆಕೆಂಡ್‌ಹ್ಯಾಂಡ್ ಕಾರ್ಡಿನ ಬಗ್ಗೆ ಎರಡು ಮಾತು. ಇಥೀರಿಯಮ್ ಎಂಬ ಡಿಜಿಟಲ್ ನಾಣ್ಯವು 2022ರ ಸೆಪ್ಟೆಂಬರ್ 15ರಂದು ತನ್ನ ಕ್ರಮವನ್ನು ಬದಲಿಸಿ, ಕಾರ್ಡುಗಳಿಂದ ನಾಣ್ಯದ ಗಣಿಗಾರಿಕೆ ನಡೆಸುವ ದಂಧೆಯನ್ನು ಒಮ್ಮೆಗೇ ನಿಲ್ಲಿಸಿದಾಗ, ಹಗಲಿರುಳು ದುಡಿದು ಬಸವಳಿದ ಕಾರ್ಡುಗಳು ಪೇಟೆಗೆ ನುಗ್ಗಿದವು; ಅವುಗಳ ಚಿಪ್ಪಿಗಿಂತ ಫ್ಯಾನು ಬೇಗ ಸವೆದಿರುತ್ತದೆ. ಅರ್ಧ ಗಂಟೆಯಾದರೂ ಭಾರವಾದ ಆಟವನ್ನು ಓಡಿಸಿ ತೋರಿಸದವರಿಂದ ಕೊಳ್ಳಬಾರದು. ಹೊಸದಾಗಲಿ ಹಳತಾಗಲಿ, ಮಳೆಗಾಲದಲ್ಲಿ ಗೋಡೆಯೇ ಬೆವರುವ ನಮ್ಮ ಮನೆಗಳಲ್ಲಿ ಅದನ್ನು ವಾರಗಟ್ಟಲೆ ಆರಿಸಿಡದೆ ಆಗಾಗ ನಡೆಸುತ್ತಿರುವುದು ಒಳ್ಳೆಯದು. ಸಿಡಿಲಿನ ಸಪ್ಪಳ ಕೇಳಿದಾಗ ಪ್ಲಗ್ಗು ಕೀಳುವುದು ಅದಕ್ಕಿಂತಲೂ ಒಳ್ಳೆಯದು. ಮತ್ತೊಂದು, ಹೇಳಿದರೆ ನಗು ಬರುವಂಥದು: ಮಾನಿಟರಿನ ಕೇಬಲ್ಲನ್ನು ಹೊಸ ಕಾರ್ಡಿಗೆ ಚುಚ್ಚದೆ ಮೊದಲಿನಂತೆ ಮದರ್‌ಬೋರ್ಡಿನ ತೂತಿಗೇ ಚುಚ್ಚಿ, ಕಾರ್ಡಿನಿಂದ ಏನೂ ಪ್ರಯೋಜನವಾಗಲಿಲ್ಲವೆಂದು ಕೊರಗುವ ಮನೆಗಳು ಎಣಿಕೆಗಿಂತ ಹೆಚ್ಚಾಗಿವೆ.

ಇಷ್ಟನ್ನೆಲ್ಲ ಕೊಳ್ಳುವವನೇ ಓದಿ ತಿಳಿಯಬಾರದೇಕೆ, ವಿಮರ್ಶೆಗಳಿಗೇನು ಬರವೇ, ಎಂದು ಆಕ್ಷೇಪಿಸುವವರಿದ್ದಾರೆ. ಓದಿ ತಿಳಿದವನಿಗೂ ಈ ನಾಮಸಾಮ್ಯ ಮೋಸ ಮಾಡುತ್ತದೆಂಬುದೇ ನನ್ನ ವಾದ: ಅವನು ಓದಿದ್ದು 12 ಜಿಬಿಯ 3060ರ ವಿಮರ್ಶೆ, ಅಂಗಡಿಯಲ್ಲಿ ಕೈಗೆ ಬಂದದ್ದು 8 ಜಿಬಿಯ 3060. ಕಂಪನಿಗಳು ತಾವಾಗಿ ತಿದ್ದಿಕೊಳ್ಳುವುವೆಂಬ ಆಸೆಯೂ ಹೆಚ್ಚಿಲ್ಲ. ದತ್ತಾಂಶ ಕೇಂದ್ರಗಳಿಗೆ ಮಾರುವ ಚಿಪ್ಪುಗಳ ಬಲದಿಂದ 2025ರ ಅಕ್ಟೋಬರಿನಲ್ಲಿ 5 ಲಕ್ಷ ಕೋಟಿ ಡಾಲರುಗಳ ಮೌಲ್ಯವನ್ನು ದಾಟಿದ ಕಂಪನಿಗೆ, ದಾಂಡೇಲಿಯ ಗೃಹಸ್ಥನ ಇಪ್ಪತ್ತು ಸಾವಿರ ರೂಪಾಯಿ ಇಂದು ಚಿಲ್ಲರೆ ವ್ಯಾಪಾರ. ಎನ್‌ವಿಡಿಯಾ, ಎಎಂಡಿಗಳೆರಡರ ಇಂಜಿನಿಯರುಗಳೂ ನಮ್ಮ ಬೆಂಗಳೂರಿನಲ್ಲಿಯೇ ಸಹಸ್ರ ಸಂಖ್ಯೆಯಲ್ಲಿ ಕುಳಿತು ಚಿಪ್ಪುಗಳ ವಿನ್ಯಾಸದಲ್ಲಿ ಪಾಲುಗೊಳ್ಳುತ್ತಿದ್ದಾರೆಂಬುದು ಹೆಮ್ಮೆಯ ಸಂಗತಿ; ಅದರಿಂದ ಪೆಟ್ಟಿಗೆಯ ಮೇಲಿನ ಬರೆಹವೇನೂ ಸ್ಪಷ್ಟವಾಗಿಲ್ಲ. ಆದರೂ ಒತ್ತಾಯಕ್ಕೆ ಫಲವಿದೆ. 2022ರ ಸೆಪ್ಟೆಂಬರಿನಲ್ಲಿ ಆರ್‌ಟಿಎಕ್ಸ್ 4080 ಎಂಬ ಒಂದೇ ಹೆಸರಿನಡಿ 16 ಜಿಬಿಯ ಒಂದನ್ನೂ, ಬೇರೊಂದು ಸಣ್ಣ ಚಿಪ್ಪಿನ 12 ಜಿಬಿಯ ಇನ್ನೊಂದನ್ನೂ ಘೋಷಿಸಿದಾಗ, ಜಗತ್ತಿನ ಗಿರಾಕಿಗಳೆಲ್ಲ ಕೂಗೆಬ್ಬಿಸಿದ್ದರಿಂದ, ಮರುತಿಂಗಳೇ ಕಂಪನಿಯು ಆ ಎರಡನೆಯದನ್ನು ಹಿಂತೆಗೆದುಕೊಂಡು, 2023ರ ಜನವರಿಯಲ್ಲಿ 4070 ಟಿಐ ಎಂದು ಬೇರೆ ನಾಮಕರಣ ಮಾಡಿ ಮಾರಬೇಕಾಯಿತು.

ದಾಂಡೇಲಿ ಕಾಗದದ ಊರು. ಇಲ್ಲಿಯ ಕಾರ್ಖಾನೆಯಿಂದ ಹೊರಡುವ ಒಂದು ರೀಮು ಕಾಗದದ ಹೊದಿಕೆಯ ಮೇಲೆ ಹಾಳೆ ಎಷ್ಟು, ಅಳತೆ ಎಷ್ಟು, ಚದರ ಮೀಟರಿಗೆ ತೂಕ ಎಷ್ಟು ಗ್ರಾಮ್ ಎಂಬುದೆಲ್ಲ ಇರುತ್ತದೆ, ಮತ್ತು ಹುಡುಗನೊಬ್ಬನು ಜೆರಾಕ್ಸ್ ಅಂಗಡಿಯಲ್ಲಿ ಅದನ್ನು ಓದಿಯೇ ಕೊಳ್ಳುತ್ತಾನೆ. ಕೆಲವು ನೂರು ರೂಪಾಯಿಯ ಸರಕಿಗೆ ಸಲ್ಲುವ ಪ್ರಾಮಾಣಿಕತೆ ಹತ್ತಾರು ಸಾವಿರದ ಸರಕಿಗೆ ಸಲ್ಲದೆ? ಇದಕ್ಕೆ ಹೊಸ ಶಾಸನವೇನೂ ಬೇಕಾಗಿಲ್ಲ. 2001ರ ಇಂಧನ ಸಂರಕ್ಷಣಾ ಕಾಯಿದೆಯಿಂದ ಹುಟ್ಟಿದ ಇಂಧನ ದಕ್ಷತಾ ಬ್ಯೂರೋ ಫ್ರಿಜ್ಜುಗಳಿಗೆ ನಕ್ಷತ್ರದ ಚೀಟಿಯನ್ನು ಕಡ್ಡಾಯಗೊಳಿಸಿ ವರ್ಷಗಳಾದವು. 2023ರ ಜನವರಿಯಿಂದ ಛಾವಣಿಯ ಫ್ಯಾನಿಗೂ ಅದು ಕಡ್ಡಾಯ. ಎಪ್ಪತ್ತೆಂಬತ್ತು ವ್ಯಾಟಿನ ಫ್ಯಾನು ತನ್ನ ಹಸಿವನ್ನು ಬಹಿರಂಗಪಡಿಸಬೇಕಾದ ದೇಶದಲ್ಲಿ 575 ವ್ಯಾಟಿನ ಕಾರ್ಡಿಗೆ ಮೌನದ ಸ್ವಾತಂತ್ರ್ಯವಿರುವುದು ಸಮಂಜಸವಲ್ಲ. ಪೊಟ್ಟಣದ ಸಾಮಗ್ರಿಗಳ ಬಗೆಗಿನ 2011ರ ತೂಕ ಮತ್ತು ಅಳತೆಯ ನಿಯಮಗಳು ಗರಿಷ್ಠ ಬೆಲೆ, ಆಮದುದಾರನ ಹೆಸರು ವಿಳಾಸಗಳನ್ನು ಈಗಾಗಲೇ ಬಯಸುತ್ತವೆ. ಆ ಚೀಟಿಯಲ್ಲಿಯೇ ಚಿಪ್ಪಿನ ಪೀಳಿಗೆ, ಮೆಮೊರಿಯ ಜಾತಿ ಮತ್ತು ಪ್ರಮಾಣ, ಅದರ ವೇಗ, ಪೂರ್ಣ ಹೊರೆಯ ವ್ಯಾಟ್ ಎಂಬ ನಾಲ್ಕು ಸಾಲುಗಳನ್ನು ಸೇರಿಸಲು ಅಚ್ಚಿನ ಮಸಿಯ ವಿನಾ ಬೇರೆ ಖರ್ಚಿಲ್ಲ.

ಅಂಥ ನಿಯಮ ಬರುವವರೆಗೆ ಗಿರಾಕಿಯ ಕೈಯಲ್ಲಿರುವ ಸಾಧನವೊಂದೇ, ಬಿಲ್ಲು. ಆಮದುದಾರನ ಚೀಟಿಯಿಲ್ಲದ ಪೆಟ್ಟಿಗೆಯನ್ನು ಎಷ್ಟೇ ಅಗ್ಗವಾದರೂ ಮುಟ್ಟಬಾರದು. ವಾರಂಟಿಯ ಹೊತ್ತಿಗೆ ಅದಕ್ಕೆ ತಂದೆತಾಯಿಗಳಿರುವುದಿಲ್ಲ. ನೂರಕ್ಕೆ ಹದಿನೆಂಟು ಜಿಎಸ್‌ಟಿ ತೆತ್ತು ಬಿಲ್ಲು ಪಡೆಯುವಾಗ ‘ಗ್ರಾಫಿಕ್ಸ್ ಕಾರ್ಡ್ - 1’ ಎಂದು ಗೀಚಿಕೊಟ್ಟದ್ದನ್ನು ಮಡಿಚಿ ಜೇಬಿಗೆ ಹಾಕದೆ, ಮಾದರಿಯ ಪೂರ್ಣ ನಾಮ, ಮೆಮೊರಿ ಎಷ್ಟು, ಯಾವ ಜಾತಿಯದು, ಸೀರಿಯಲ್ ನಂಬರು ಏನು ಎಂಬುದನ್ನು ಅಂಗಡಿಯವನ ಕೈಯಿಂದಲೇ ಬರೆಯಿಸಿಕೊಳ್ಳಬೇಕು. ಹೇಳಿದ್ದೊಂದು ಕೊಟ್ಟದ್ದೊಂದು ಆದಲ್ಲಿ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದೂರನ್ನು ಅಂಗಡಿಯಿರುವ ಜಿಲ್ಲೆಯಲ್ಲಿಯೇ ಕೊಡಬೇಕೆಂಬ ನಿರ್ಬಂಧ ಈಗಿಲ್ಲ; ದೂರುದಾರನ ವಾಸಸ್ಥಳದ ಆಯೋಗವಾದ ಕಾರವಾರದ್ದಕ್ಕೇ ಸಲ್ಲಿಸಬಹುದು, 5 ಲಕ್ಷ ರೂಪಾಯಿಯವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ, ಅದಕ್ಕೂ ಮೊದಲು 1915ಕ್ಕೆ ಫೋನು ಮಾಡಿ ಸಲಹೆ ಕೇಳುವುದಕ್ಕೂ ಅವಕಾಶವಿದೆ. ಅಲ್ಲಿ ಕೇಳುವ ಮೊದಲ ಕಾಗದ ಆ ಬಿಲ್ಲೇ.